ಲೆಕ್ಕಕ್ಕೆ ಸಿಗದ ಎರಡು ಮೈನ್: ಒಬ್ಬ ಸೇನಾ ಇಂಜಿನಿಯರ್ ಅಧಿಕಾರಿಯ ವೃತ್ತಿಜೀವನದ ಪ್ರಕರಣ ಅಧ್ಯಯನ

ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ‘ಮಗ ಆರ್ಮಿಯಲ್ಲಿ ಆಫೀಸರ್’ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಆಫೀಸರ್ ಆದ ಮೇಲೆ ಏನೇನು ದಾಟಬೇಕು ಎಂಬುದು ಮನೆಯವರಿಗಿರಲಿ, ಎಷ್ಟೋ ಸಲ ಹೊಸದಾಗಿ ಕಮಿಷನ್ (ಅಧಿಕಾರಿಯಾಗಿ ನೇಮಕ) ಪಡೆದವರಿಗೂ ಗೊತ್ತಿರುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಯಿಂದ ಹೋಗಿ, ಸೇನೆಯ ಇಂಜಿನಿಯರ್ ದಳದಲ್ಲಿ ಬ್ರಿಗೇಡಿಯರ್ ಆಗಿ ನಿವೃತ್ತರಾದ ಅಧಿಕಾರಿಯೊಬ್ಬರ ಪ್ರಕರಣವನ್ನು ಇಲ್ಲಿ ಬಿಡಿಸಿ ಇಟ್ಟಿದೆ. ಗುರುತು ಹತ್ತದಂತೆ ಊರು, ಘಟಕ, ಕೆಲವು ಇಸವಿ ಮತ್ತು ಮನೆಯ ವಿವರಗಳನ್ನು ಬದಲಿಸಿದೆ. ಅವರನ್ನು ಇಲ್ಲಿ ‘ಅಧಿಕಾರಿ’ ಎಂದಷ್ಟೇ ಕರೆಯಲಾಗಿದೆ.

ಹಿನ್ನೆಲೆ

ತಂದೆ ಸಣ್ಣ ಬೆಳೆಗಾರರು. ಒಂಬತ್ತು ಎಕರೆ ರೋಬಸ್ಟಾ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸು, ಆಳುಗಳಿಗೆ ಎರಡು ಲೈನ್ ಮನೆ. ಮಗ ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ, ಯುಪಿಎಸ್‌ಸಿ ಪರೀಕ್ಷೆ ಬರೆದು ಖಡಕ್‌ವಾಸ್ಲಾದ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಸೇರಿದರು. ಅಲ್ಲಿ ಮೂರು ವರ್ಷ, ಡೆಹ್ರಾಡೂನ್‌ನ ಸೇನಾ ಅಕಾಡೆಮಿಯಲ್ಲಿ ಒಂದು ವರ್ಷ. ತೊಂಬತ್ತರ ದಶಕದ ಆರಂಭದಲ್ಲಿ ಕಮಿಷನ್ ಸಿಕ್ಕಿದ್ದು ಬೆಂಗಳೂರಿನ ಹಲಸೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್‌ನಲ್ಲಿ. ಸೇನೆಯ ಇಂಜಿನಿಯರ್ ದಳಕ್ಕೆ ಮೂರು ಬೇರು: ಬೆಂಗಳೂರಿನ ಮದ್ರಾಸ್, ರೂರ್ಕಿಯ ಬೆಂಗಾಲ್, ಪುಣೆ ಖಡಕಿಯ ಬಾಂಬೆ ಸ್ಯಾಪರ್ಸ್. ಮದ್ರಾಸ್ ಸ್ಯಾಪರ್ಸ್‌ನ ಮೂಲ 1780ಕ್ಕೆ ಹೋಗುತ್ತದೆ. ಅಲ್ಲಿಯ ಜವಾನರನ್ನು ಇಡೀ ಸೇನೆ ‘ತಂಬಿ’ ಎಂದೇ ಕರೆಯುತ್ತದೆ.

ಇಂಜಿನಿಯರ್ ಅಧಿಕಾರಿಯ ಆರಂಭದ ವರ್ಷಗಳು ಬೇರೆ ದಳದವರಂತಲ್ಲ. ಪುಣೆಯ ಮಿಲಿಟರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲು ಯುವ ಅಧಿಕಾರಿಗಳ ಕೋರ್ಸ್. ಆಮೇಲೆ ಅಲ್ಲೇ ಪದವಿ. ನಡುವೆ ಘಟಕದಲ್ಲಿ ಬೈಲಿ ಸೇತುವೆ (ಬಿಡಿಭಾಗ ಜೋಡಿಸಿ ನಿಲ್ಲಿಸುವ ಉಕ್ಕಿನ ಸೇತುವೆ) ಕಟ್ಟುವ, ಮೈನ್ (ನೆಲಬಾಂಬ್) ಹುದುಗಿಸುವ ಮತ್ತು ತೆಗೆಯುವ, ರಸ್ತೆ ಕಡಿಯುವ ಕೆಲಸ. ಓದಿನ ರುಚಿ ಹತ್ತಿದವರಿಗೆ ಇಲ್ಲೊಂದು ಕವಲುದಾರಿ ಎದುರಾಗುತ್ತದೆ. ಸೇನೆಯೇ ಕಳಿಸುವ ಎಂ.ಟೆಕ್‌ಗೆ ಹೋಗುವುದೋ, ಇಲ್ಲ ವೆಲ್ಲಿಂಗ್ಟನ್‌ನ ಸ್ಟಾಫ್ ಕಾಲೇಜಿನ ಪ್ರವೇಶ ಪರೀಕ್ಷೆಗೆ ಕೂರುವುದೋ? ಆ ಪರೀಕ್ಷೆ ಯುದ್ಧತಂತ್ರ, ಸೇನಾ ಕಾನೂನು, ಸೇನಾ ಇತಿಹಾಸಗಳದ್ದು, ಕಾಂಕ್ರೀಟಿನದ್ದಲ್ಲ. ಎರಡಕ್ಕೂ ಒಂದೇ ವಯಸ್ಸಿನಲ್ಲಿ ತಯಾರಿ ನಡೆಯಬೇಕು. ಹೀಗಾಗಿ ಒಂದನ್ನು ಹಿಡಿದವರ ಕೈಯಿಂದ ಇನ್ನೊಂದು ಸಾಮಾನ್ಯವಾಗಿ ಜಾರುತ್ತದೆ.

ನಮ್ಮ ಅಧಿಕಾರಿ ಎಂ.ಟೆಕ್ ಆರಿಸಿಕೊಂಡರು. ಐಐಟಿಯಲ್ಲಿ ಎರಡು ವರ್ಷ ರಚನಾ ಇಂಜಿನಿಯರಿಂಗ್ ಓದಿದರು. 1999ರ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ಅವರು ಪ್ರಯೋಗಾಲಯದಲ್ಲಿದ್ದರು. ಓದುವ ಅವಧಿಗೆ ವಾರ್ಷಿಕ ಗೋಪ್ಯ ವರದಿ, ಅಂದರೆ ಎಸಿಆರ್, ಬರುವುದಿಲ್ಲ. ಕೋರ್ಸ್ ವರದಿ ಬರುತ್ತದೆ. ಅದೇ ಎರಡು ವರ್ಷ ಅವರ ಬ್ಯಾಚಿನ ಎಷ್ಟೋ ಜನ ಗಡಿಯಲ್ಲಿ ಕೆಲಸ ಮಾಡಿ ವರದಿ ಗಳಿಸಿದರು. ಆಗ ಇದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಆದರೆ ಕರ್ನಲ್ ಹುದ್ದೆಯ ಆಯ್ಕೆ ಮಂಡಳಿ ಮುಂದೆ ಹೋಗುವ ಹೊತ್ತಿಗೆ ಇವರ ಭಾರವೆಲ್ಲ ಒಂದೇ ಕಡೆ ಬಿತ್ತು: ಕಂಪನಿ (ರೆಜಿಮೆಂಟಿನ ಒಂದು ತುಕಡಿ) ಕಮಾಂಡ್ ಮಾಡಿದ ಕಾಲದ ವರದಿಗಳ ಮೇಲೆ.

ಮೈನ್ ತೆಗೆಯುವ ಕೆಲಸ

ಸಂಸತ್ತಿನ ಮೇಲೆ ದಾಳಿಯಾದ ಮೇಲೆ 2001ರ ಡಿಸೆಂಬರ್‌ನಲ್ಲಿ ಆಪರೇಷನ್ ಪರಾಕ್ರಮ್ ಶುರುವಾಯಿತು. ಪಶ್ಚಿಮ ಗಡಿಯುದ್ದಕ್ಕೂ ಹೊಲಗಳಲ್ಲಿ, ಮರಳುಗಾಡಿನಲ್ಲಿ ನೆಲಬಾಂಬ್ ಹುದುಗಿಸಲಾಯಿತು. 2002ರ ಅಕ್ಟೋಬರ್‌ನಲ್ಲಿ ಸೇನೆ ಹಿಂದಕ್ಕೆ ಬರುವ ನಿರ್ಧಾರವಾದ ಮೇಲೂ ಇಂಜಿನಿಯರ್‌ಗಳಿಗೆ ಬಿಡುವಿರಲಿಲ್ಲ. ಹುದುಗಿಸಿದ್ದನ್ನೆಲ್ಲ ತೆಗೆದು, ಹೊಲವನ್ನು ರೈತರಿಗೆ ಒಪ್ಪಿಸಬೇಕಿತ್ತು. ಆಗ ಮೇಜರ್ ಆಗಿದ್ದ ಅಧಿಕಾರಿಯ ಫೀಲ್ಡ್ ಕಂಪನಿಗೆ ಗಡಿಯ ಒಂದು ನೀರಾವರಿ ಪ್ರದೇಶ ಬಂತು.

ಪ್ರತಿ ಮೈನ್‌ಫೀಲ್ಡಿಗೂ ಒಂದು ದಾಖಲೆ ಹಾಳೆ ಇರುತ್ತದೆ. ಅಲುಗದ ಒಂದು ಗುರುತು (ಸೇತುವೆಯ ಮೂಲೆ, ಕಿಲೋಮೀಟರ್ ಕಲ್ಲು) ಅದರ ಮೂಲಬಿಂದು. ಅಲ್ಲಿಂದ ಇಂತಿಷ್ಟು ಡಿಗ್ರಿ ದಿಕ್ಕಿಗೆ, ಇಂತಿಷ್ಟು ಮೀಟರಿಗೆ ಸಾಲಿನ ಆರಂಭ, ಸಾಲು ತಿರುಗುವ ಜಾಗ, ಕೊನೆ, ಪ್ರತಿ ಸಾಲಿನ ಮೈನ್‌ಗಳ ಬಗೆ ಮತ್ತು ಸಂಖ್ಯೆ. ತೆಗೆಯುವಾಗ ಈ ಹಾಳೆ ಹಿಡಿದು ಸುಮಾರು ಒಂದು ಮೀಟರ್ ಅಗಲದ ಲೇನ್ ಬಿಡಿಸಿಕೊಳ್ಳುತ್ತಾ ಹೋಗುತ್ತಾರೆ. ಒಂದು ಲೇನಿಗೆ ಒಬ್ಬನೇ ಸ್ಯಾಪರ್, ಅಂದರೆ ಇಂಜಿನಿಯರ್ ದಳದ ಜವಾನ. ಮೊದಲು ಡಿಟೆಕ್ಟರ್, ಅದು ಕೂಗಿದ ಕಡೆ ಪ್ರಾಡರ್ ಎಂಬ ಮೊನೆಯ ಸಲಾಕೆಯನ್ನು ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಚುಚ್ಚುವುದು. ಹಾಗೆ ಚುಚ್ಚಿದರೆ ಮೊನೆ ಮೈನಿನ ಪಕ್ಕಕ್ಕೆ ತಗಲುತ್ತದೆ, ಒತ್ತಡ ಬೀಳುವ ಮೇಲ್ಭಾಗಕ್ಕಲ್ಲ. ಓರೆಯಾಗಿರುವ, ತುಕ್ಕು ಹಿಡಿದಿರುವ ಮೈನನ್ನು ಕೈಯಲ್ಲಿ ಮುಟ್ಟದೆ ಇದ್ದಲ್ಲೇ ಸ್ಫೋಟಿಸುತ್ತಾರೆ. ಸಂಜೆ ಎಣಿಕೆ.

ಎಣಿಕೆ ತಪ್ಪುವುದು ಅಪರೂಪವಲ್ಲ. ಚಳಿಗಾಲದ ಮಂಜಿನಲ್ಲಿ, ರಾತ್ರಿ, ಗಡಿಬಿಡಿಯಲ್ಲಿ ಹುದುಗಿಸಿದ ಸಾಲುಗಳವು. ದಿಕ್ಸೂಚಿ ಹಿಡಿದವನ ಪಕ್ಕದಲ್ಲೇ ಲಾರಿ ನಿಂತಿದ್ದರೆ ಮುಳ್ಳು ಸರಿಯುತ್ತದೆ. ದಿಕ್ಕಿನಲ್ಲಿ ಒಂದೇ ಡಿಗ್ರಿ ತಪ್ಪಿದರೂ ನೂರು ಮೀಟರ್ ಆಚೆ ಸಾಲು 1.75 ಮೀಟರ್ ಪಕ್ಕಕ್ಕೆ ಹೋಗಿರುತ್ತದೆ, ಅಂದರೆ ಲೇನಿನಿಂದಲೇ ಹೊರಗೆ. ಮರಳಿನಲ್ಲಿ ಗಾಳಿ, ಹೊಲದಲ್ಲಿ ಕಾಲುವೆ ನೀರು ಮೈನನ್ನು ಜರುಗಿಸುತ್ತವೆ. ದನ, ನೀಲಗಾಯ್ ತುಳಿದು ಸಿಡಿದದ್ದೂ ಇರುತ್ತದೆ. ಅದನ್ನು ಬೇರೆ ಪುಸ್ತಕದಲ್ಲಿ ಬರೆದಿರಬೇಕು.

ಸಮಸ್ಯೆ

ಒಂದು ಫೀಲ್ಡಿನಲ್ಲಿ ದಾಖಲೆಗಿಂತ ಮೂರು ಮೈನ್ ಕಡಿಮೆ ಬಂದವು. ಸ್ಫೋಟದ ಪುಸ್ತಕದಲ್ಲಿ ಒಂದಕ್ಕೆ ಲೆಕ್ಕ ಸಿಕ್ಕಿತು. ಉಳಿದ ಎರಡಕ್ಕೆ ಇಲ್ಲ.

ನವೆಂಬರ್ ಬಂದಿತ್ತು. ಗೋಧಿ ಬಿತ್ತನೆಯ ಹೊತ್ತು. ಜಿಲ್ಲಾಡಳಿತ ದಿನಾ ಕೇಳುತ್ತಿತ್ತು, ಮೇಲಿನ ಕಚೇರಿ ಆ ವಾರದೊಳಗೆ ಹಸ್ತಾಂತರ ಮುಗಿಸುವುದಾಗಿ ಮಾತು ಕೊಟ್ಟಾಗಿತ್ತು. ‘ಉಳಿದವು ಸಿಡಿದಿರಬಹುದು ಎಂದು ಭಾವಿಸಲಾಗಿದೆ’ ಎಂದು ಷರಾ ಬರೆದು ಪ್ರಮಾಣಪತ್ರಕ್ಕೆ ಸಹಿ ಹಾಕಿ ಎಂದು ಫೋನಿನಲ್ಲಿ ಸೂಚನೆ ಬಂತು. ಸಹಿ ಕಂಪನಿ ಕಮಾಂಡರ್‌ದೇ. ಆ ಕಾಗದದ ಬಲದ ಮೇಲೆ ಮರುದಿನವೇ ಹೊಲಕ್ಕೆ ಟ್ರ್ಯಾಕ್ಟರ್ ಇಳಿಯುತ್ತದೆ.

ಅಧಿಕಾರಿ ಸಹಿ ಹಾಕಲಿಲ್ಲ. ಮೂರು ವಾರ ಕಾಲಾವಕಾಶ ಕೇಳಿದರು, ಅದೂ ಫೋನಿನಲ್ಲೇ. ಸಾಲುಗಳ ಎರಡೂ ಬದಿಗೆ ಎರಡೆರಡು ಮೀಟರ್ ಹೆಚ್ಚುವರಿ ಹುಡುಕಾಟ, ಬದುಗಳ ಮಣ್ಣನ್ನು ಪದರ ಪದರವಾಗಿ ತೆಗೆದು ಜರಡಿ. ಒಂದು ಮೈನ್ ಸಾಲಿನಿಂದ ಒಂದೂವರೆ ಮೀಟರ್ ಆಚೆ, ಬದುವಿನ ಒಡಲಲ್ಲಿ ಸಿಕ್ಕಿತು. ಮಳೆಗಾಲದ ನೀರು ಅದನ್ನು ಅಲ್ಲಿಗೆ ತಳ್ಳಿತ್ತು. ಇನ್ನೊಂದು ಸಾಲು ತಿರುಗುವ ಜಾಗದಿಂದಾಚೆ, ದಾಖಲೆಯ ದಿಕ್ಕು ತಪ್ಪಿದ್ದ ಕಡೆ ಸಿಕ್ಕಿತು. ಎರಡೂ ಜೀವಂತವಾಗಿದ್ದವು. ಹೊಲ ರೈತನ ಕೈಗೆ ಹೋಗುವಾಗ ಡಿಸೆಂಬರ್ ನಡುವಾಗಿತ್ತು, ಆ ವರ್ಷದ ಗೋಧಿ ಹೋಯಿತು. ರೈತನಿಗಾದ ಆ ನಷ್ಟ ಸಣ್ಣದಲ್ಲ. ಆದರೂ ಈ ನಿರ್ಧಾರದ ಬಗ್ಗೆ ಎರಡು ಮಾತಿಲ್ಲ: ಬದುವಿನ ಮೇಲೆ ಓಡಾಡುವುದು ಮಕ್ಕಳು.

ನಿರ್ಧಾರ ಸರಿ, ಅದರ ಕಾಗದ ಮಾತ್ರ ದುರ್ಬಲವಾಗಿ ಉಳಿಯಿತು. ವಾದವೆಲ್ಲ ಬಾಯಿಮಾತಿನಲ್ಲಿ ನಡೆದಿತ್ತು. ಕಾಲಾವಕಾಶ ಯಾಕೆ ಬೇಕು, ಎಣಿಕೆ ಎಷ್ಟು ತಪ್ಪಿದೆ, ಎರಡು ಮೈನ್ ಎಲ್ಲಿ ಸಿಕ್ಕವು ಎಂದು ಒಂದು ಪತ್ರ ಮೇಲಕ್ಕೆ ಹೋಗಲಿಲ್ಲ. ಮೈನ್ ಸಿಕ್ಕ ಸಮಾಧಾನದಲ್ಲಿ ಅದು ಯಾರ ತಲೆಗೂ ಹೊಳೆಯಲಿಲ್ಲ.

ಎಸಿಆರ್ ಹೇಗೆ ಓದಬೇಕು

ಸೇನೆಯ ಎಸಿಆರ್‌ನಲ್ಲಿ ಮುಖ್ಯವಾಗಿ ಮೂವರು ಬರೆಯುತ್ತಾರೆ: ವರದಿ ಆರಂಭಿಸುವ ಐಒ, ಅವರ ಮೇಲಿನ ಆರ್‌ಒ, ಅವರಿಗೂ ಮೇಲಿನ ಎಸ್‌ಆರ್‌ಒ. ಅಂಕ 1ರಿಂದ 9. 9 ಎಂದರೆ ಅತ್ಯುತ್ತಮ, 8 ಮತ್ತು 7 ಸರಾಸರಿಗಿಂತ ಮೇಲು. ಹೊರಗಿನವರಿಗೆ 7 ಒಳ್ಳೆಯ ಅಂಕವಾಗಿ ಕಾಣಬಹುದು. ಆದರೆ ಬ್ಯಾಚಿನ ಹೆಚ್ಚಿನವರು 8, 9ರಲ್ಲಿ ಇರುವಾಗ ಆ 7 ಕಂದಕವೇ ಸರಿ. ಐಒ ಬರೆಯಬೇಕಾದರೆ ಅಧಿಕಾರಿ ಅವರ ಕೈಕೆಳಗೆ ಕನಿಷ್ಠ 90 ದಿನ ಕೆಲಸ ಮಾಡಿರಬೇಕು. ಇಂಜಿನಿಯರ್ ಅಧಿಕಾರಿಗಳಿಗೆ ಇದರ ಜೊತೆ ತಾಂತ್ರಿಕ ಹಾದಿಯ ಅಧಿಕಾರಿಗಳ ಅಭಿಪ್ರಾಯವೂ ಸೇರುತ್ತದೆ.

ಐಒ ಬರೆದದ್ದನ್ನು ಅಧಿಕಾರಿಗೆ ತೋರಿಸಿ ಸಹಿ ತೆಗೆದುಕೊಳ್ಳುತ್ತಾರೆ. ಆರ್‌ಒ, ಎಸ್‌ಆರ್‌ಒ ಕೊಟ್ಟ ಅಂಕ ತೋರಿಸುವುದಿಲ್ಲ. ನಮ್ಮ ಅಧಿಕಾರಿ ಮೈನ್ ತೆಗೆದ ಆ ಅವಧಿಯ ವರದಿಯ ಐಒ ಭಾಗದಲ್ಲಿ 8 ಮತ್ತು 9 ನೋಡಿ, ನೆಮ್ಮದಿಯಾಗಿ ಸಹಿ ಹಾಕಿದರು. ಪೆಟ್ಟು ಬಿದ್ದದ್ದು ಕಾಣದ ಭಾಗದಲ್ಲಿ.

ಮೊದಲ ಮಂಡಳಿ

ಲೆಫ್ಟಿನೆಂಟ್ ಕರ್ನಲ್‌ವರೆಗಿನ ಬಡ್ತಿ ಹೆಚ್ಚುಕಡಿಮೆ ಕಾಲಕ್ಕೆ ತಕ್ಕಂತೆ ಬರುತ್ತದೆ. 2004ರ ಡಿಸೆಂಬರ್‌ನಿಂದ ಜಾರಿಯಾದ ನಿಯಮದಲ್ಲಿ 2 ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್. ಇಲಾಖಾ ಪರೀಕ್ಷೆ ಪಾಸಾಗಿರಬೇಕು. ಅಲ್ಲಿಂದ ಮೇಲೆ ಆಯ್ಕೆ. ಕರ್ನಲ್‌ಗೆ 3ನೇ ಆಯ್ಕೆ ಮಂಡಳಿ, ಬ್ರಿಗೇಡಿಯರ್‌ಗೆ 2ನೇದು, ಮೇಜರ್ ಜನರಲ್‌ಗೆ 1ನೇದು. ಪ್ರತಿ ಹಂತದಲ್ಲೂ ಮೂರು ಅವಕಾಶ: ಮೊದಲ ಪರಿಗಣನೆ, ಮೊದಲ ಮರುಪರಿಶೀಲನೆ, ಅಂತಿಮ ಮರುಪರಿಶೀಲನೆ. ಹೆಸರು, ಘಟಕ ಮುಚ್ಚಿಟ್ಟು ದಾಖಲೆಯನ್ನಷ್ಟೇ ಮಂಡಳಿ ಮುಂದೆ ಇಡುತ್ತಾರೆ. ಕರ್ನಲ್ ಆಯ್ಕೆ ತಪ್ಪಿದವರಿಗೆ 26 ವರ್ಷ ಸೇವೆಯಾದಾಗ ಕಾಲಮಿತಿಯ ಕರ್ನಲ್ ದರ್ಜೆ ಸಿಗುತ್ತದೆ, ಆದರೆ ರೆಜಿಮೆಂಟಿನ ಕಮಾಂಡ್ ಸಿಗುವುದಿಲ್ಲ.

ಅಧಿಕಾರಿ ಮೊದಲ ಪರಿಗಣನೆಯಲ್ಲಿ ಆಯ್ಕೆಯಾಗಲಿಲ್ಲ. ಸೇನೆಯ ಮಾತಲ್ಲಿ ಹೇಳುವುದಾದರೆ ಸೂಪರ್‌ಸೀಡ್ ಆದರು. ಅದೇ ಸುಮಾರಿಗೆ ಊರಲ್ಲಿ ತಂದೆಗೆ ಪಾರ್ಶ್ವವಾಯು ಹೊಡೆಯಿತು. ಹೆಂಡತಿ ಮಕ್ಕಳ ಓದಿಗಾಗಿ ಹಾಸನದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದರು.

ಮುಂದಿದ್ದ ದಾರಿಗಳು

ರಾಜೀನಾಮೆ ಕೊಟ್ಟು ತೋಟಕ್ಕೆ ಬರುವುದು ಎಲ್ಲರ ಬಾಯಲ್ಲಿ ಬಂದ ಮೊದಲ ಮಾತು. ಆದರೆ ಅಧಿಕಾರಿಗಳಿಗೆ ಪಿಂಚಣಿ ಸಿಗಲು 20 ವರ್ಷ ಸೇವೆ ಬೇಕು. ಇವರಿಗೆ ಆಗಿದ್ದದ್ದು 17. ಮೂರು ವರ್ಷ ಮೊದಲೇ ಬಿಟ್ಟು ಬಂದರೆ ಜೀವಮಾನದ ಪಿಂಚಣಿ ಹೋಗುತ್ತದೆ. ಒಂಬತ್ತು ಎಕರೆ ರೋಬಸ್ಟಾ ಆ ಜಾಗ ತುಂಬುವುದಿಲ್ಲ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದ ದಿನವೇ ಆ ದಾರಿ ಮುಚ್ಚಿತು.

ಉಳಿದದ್ದು ಎರಡು ಪ್ರಶ್ನೆ. ದೂರು ಕೊಡಬೇಕೇ? ಮುಂದಿನ ಪೋಸ್ಟಿಂಗ್ ಎಲ್ಲಿಗೆ?

ಬೆಂಗಳೂರಿನಲ್ಲಿ ಮಿಲಿಟರಿ ಇಂಜಿನಿಯರ್ ಸರ್ವಿಸಸ್‌ನ ಒಂದು ಕಚೇರಿ ಹುದ್ದೆ ಸಿಗುವಂತಿತ್ತು. ಹಾಸನಕ್ಕೆ ನಾಲ್ಕು ಗಂಟೆ ದಾರಿ. ಇನ್ನೊಂದು, ಉತ್ತರದ ಎತ್ತರದ ಗಡಿಯಲ್ಲಿ ಇಂಜಿನಿಯರ್ ರೆಜಿಮೆಂಟ್ ಒಂದರ ಸೆಕೆಂಡ್ ಇನ್ ಕಮಾಂಡ್. ಮರುಪರಿಶೀಲನೆಯಲ್ಲಿ ಹೊಸ ವರದಿಯೂ ಸೇರುತ್ತದೆ. ಅದು ಗಡಿಯ ಘಟಕದಿಂದ ಬಂದರೆ ತೂಕವೇ ಬೇರೆ. ತಂದೆಯ ಸ್ಥಿತಿ ನೋಡಿದರೆ ಬೆಂಗಳೂರೇ ಸರಿ ಎಂದು ಅಧಿಕಾರಿಯ ಮನಸ್ಸು ವಾಲಿತ್ತು. ತಿರುವು ಕೊಟ್ಟದ್ದು ಹೆಂಡತಿ. “ಬೆಂಗಳೂರಿಗೆ ಬಂದರೆ ಭಾನುವಾರ ಮನೆಗೆ ಬರಬಹುದು ರೀ, ನಿಜ. ಆದರೆ ಆಮೇಲೆ ಹತ್ತು ವರ್ಷ ಅದನ್ನೇ ಯೋಚನೆ ಮಾಡ್ತಾ ಕೂತರೆ ನಾನು ನೋಡಕ್ಕಾಗಲ್ಲ. ಮಾವನ್ನ ನಾನು ನೋಡ್ಕೋತೀನಿ.”

ತೋಟಕ್ಕೆ ವ್ಯವಸ್ಥೆ ಹೀಗಾಯಿತು. ಪಕ್ಕದ ದೊಡ್ಡ ತೋಟದಲ್ಲಿ ಕೆಲಸ ಬಿಟ್ಟಿದ್ದ ಅನುಭವಿ ರೈಟರ್ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಒಬ್ಬರನ್ನು ಸಂಬಳಕ್ಕೆ ಇಟ್ಟರು. ಹಾಜರಿ ಪುಸ್ತಕ, ಗೊಬ್ಬರದ ಲೆಕ್ಕ, ಕುಯ್ಲಿನ ದಿನದ ತೂಕ ಮೂರನ್ನೂ ಪ್ರತಿ ಶನಿವಾರ ಹಾಸನಕ್ಕೆ ಫೋನಿನಲ್ಲಿ ಒಪ್ಪಿಸಬೇಕು. ವರ್ಷದ 60 ದಿನ ರಜೆ, 20 ದಿನ ಸಾಂದರ್ಭಿಕ ರಜೆಯನ್ನು ಒಟ್ಟಿಗೆ ತೆಗೆಯದೆ ತೋಟದ ಪಂಚಾಂಗಕ್ಕೆ ಹೊಂದಿಸಿದರು: ಜನವರಿಯಲ್ಲಿ ಕುಯ್ಲು, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಫೆಬ್ರವರಿ-ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್, ಮಳೆ ಹಿಡಿಯುವ ಮುಂಚೆ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು). ಎಲ್ಲ ವರ್ಷವೂ ರಜೆ ಸಿಗಲಿಲ್ಲ. ಒಂದು ವರ್ಷ ಮರಗಸಿ ತಪ್ಪಿ, ನೆರಳು ಹೆಚ್ಚಾಗಿ ಫಸಲು ಇಳಿಯಿತು. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರು.

ದೂರು

ಎಸಿಆರ್ ವಿರುದ್ಧ ಮೊದಲು ಸೇನಾ ಮುಖ್ಯಸ್ಥರ ಮಟ್ಟದಲ್ಲಿ ತೀರ್ಮಾನವಾಗುವ ಇಲಾಖಾ ದೂರು. ಅಲ್ಲಿ ಆಗದಿದ್ದರೆ 1950ರ ಸೇನಾ ಕಾಯ್ದೆಯ 27ನೇ ಕಲಮಿನಡಿ ಕೇಂದ್ರ ಸರ್ಕಾರಕ್ಕೆ ಶಾಸನಬದ್ಧ ದೂರು. 2009ರಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯೂ ಇದೆ.

ಅಧಿಕಾರಿ ಬರೆದ ಮೊದಲ ಕರಡು ಹದಿನಾಲ್ಕು ಪುಟ. ಆರ್‌ಒ ಅವರ ಉದ್ದೇಶ, ಹಳೆಯ ವೈಮನಸ್ಯ, ಬ್ಯಾಚಿನ ಇತರರ ಹೋಲಿಕೆ ಎಲ್ಲವೂ ಅದರಲ್ಲಿತ್ತು. ಕಾನೂನು ಶಾಖೆಯ ಹಳೆಯ ಸಹಪಾಠಿಯೊಬ್ಬರು ಅದನ್ನು ಮೂರು ಪುಟಕ್ಕೆ ಇಳಿಸಿದರು. ಉದ್ದೇಶವನ್ನು ಸಾಬೀತು ಮಾಡಲಾಗದು, ಅದನ್ನು ಬಿಡಿ. ಅಂಕಗಳ ನಡುವಿನ ಹೊಂದಾಣಿಕೆ ತಪ್ಪಿರುವುದನ್ನು ಮಾತ್ರ ಹಿಡಿಯಿರಿ, ಎಂಬುದು ಅವರ ಸಲಹೆ. ಈ ಪ್ರಕರಣದಲ್ಲಿ ಬೇರೆಯವರು ಅನುಸರಿಸಬೇಕಾದ ಒಂದೇ ಹೆಜ್ಜೆ ಯಾವುದು ಎಂದರೆ ಇದೇ. ಕೊನೆಗೆ ಉಳಿದ ವಾದ ಸರಳ: ಐಒ ಮತ್ತು ತಾಂತ್ರಿಕ ಹಾದಿ ಎರಡೂ ಕೆಲಸವನ್ನು ಮೆಚ್ಚಿವೆ; ಹಿಂದಿನ, ಮುಂದಿನ ವರ್ಷಗಳ ವರದಿಗಳೂ ಹಾಗೇ ಇವೆ; ಆ ಅವಧಿಯ ಯಾವುದಾದರೂ ಮೌಲ್ಯಮಾಪನ ಇವುಗಳಿಂದ ಬಹಳ ಕೆಳಗಿದ್ದರೆ ಅದಕ್ಕೆ ಆಧಾರವೇನು ಎಂದು ಪರಿಶೀಲಿಸಬೇಕು. ಕಾಣದ ಅಂಕದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಿದರೆ ಅದು ಊಹೆಯಾಗುತ್ತದೆ.

ಹಸ್ತಾಂತರ ತಡವಾದದ್ದಕ್ಕೆ ಕಾರಣವಿತ್ತು ಎಂದು ತೋರಿಸಲು ಪತ್ರವ್ಯವಹಾರ ಇರಲಿಲ್ಲ. ಇದ್ದದ್ದು ಕಂಪನಿಯ ಸುಬೇದಾರ್ ಇಟ್ಟಿದ್ದ ದಿನದ ಎಣಿಕೆ ಪುಸ್ತಕ. ಯಾವ ಲೇನು, ಯಾವ ಸ್ಯಾಪರ್, ಎಷ್ಟು ಸಿಕ್ಕವು, ‘ಮರುಹುಡುಕಾಟಕ್ಕೆ ಮೇಜರ್ ಸಾಹೇಬರ ಆದೇಶ’, ಎರಡು ಮೈನ್ ಸಿಕ್ಕ ದಿನ ಮತ್ತು ಜಾಗ, ಎಲ್ಲವೂ ಅದರಲ್ಲಿತ್ತು. ಗೋಪ್ಯ ದಾಖಲೆಯ ನಕಲನ್ನು ದೂರಿಗೆ ಲಗತ್ತಿಸುವಂತಿಲ್ಲ. ಹಾಗಾಗಿ ಪುಸ್ತಕದ ಸಂಖ್ಯೆ, ಪುಟ, ಅದು ಯಾವ ಘಟಕದ ವಶದಲ್ಲಿದೆ ಎಂಬುದನ್ನಷ್ಟೇ ಬರೆದು, ಪರಿಶೀಲಿಸುವವರು ತರಿಸಿ ನೋಡಲಿ ಎಂದು ಬಿಟ್ಟರು.

ಏನಾಯಿತು

ಉತ್ತರ ಬರುವ ಹೊತ್ತಿಗೆ ಅಧಿಕಾರಿ ಗಡಿಯಲ್ಲಿ ಒಂದು ಚಳಿಗಾಲ ಕಳೆದಿದ್ದರು. ಭಾಗಶಃ ಪರಿಹಾರ ಸಿಕ್ಕಿತ್ತು. ಒಂದು ಅವಧಿಯ ಕೆಲವು ಮೌಲ್ಯಮಾಪನಗಳನ್ನು ಹೊಂದಾಣಿಕೆಯಿಲ್ಲದ ಕಾರಣಕ್ಕೆ ತೆಗೆದುಹಾಕಲಾಗಿತ್ತು. ಬದಲಾದ ದಾಖಲೆಯೊಂದಿಗೆ ಅವರ ಹೆಸರು ವಿಶೇಷ ಮರುಪರಿಶೀಲನೆಗೆ ಹೋಯಿತು. ಇದರಲ್ಲಿ ಹಳೆಯ ಬ್ಯಾಚಿನವರ ಮಟ್ಟಕ್ಕೇ ಹೋಲಿಸಿ ನೋಡುವುದರಿಂದ, ಆಯ್ಕೆಯಾದರೆ ಹಿರಿತನ ಕಳೆದುಹೋಗುವುದಿಲ್ಲ. ಆಯ್ಕೆಯಾದರು. ಇಂಜಿನಿಯರ್ ರೆಜಿಮೆಂಟಿನ ಕಮಾಂಡ್ ಸಿಕ್ಕಿತು, ಮುಂದೆ ಬ್ರಿಗೇಡಿಯರ್ ಆಗಿ ಗಡಿ ರಸ್ತೆ ಸಂಸ್ಥೆಯ ಒಂದು ಯೋಜನೆಯ ಚೀಫ್ ಇಂಜಿನಿಯರ್ ಆದರು.

ರೆಜಿಮೆಂಟ್ ಕೈಗೆ ಬಂದ ಮೇಲೆ ಅವರು ಒಂದು ಪದ್ಧತಿ ಹಾಕಿದರು. ಫೋನಿನಲ್ಲಿ ಬಂದ ಯಾವ ಮುಖ್ಯ ಸೂಚನೆಯನ್ನೂ, ‘ಇಂತಿಂಥ ಹೊತ್ತಿಗೆ ಇಂಥ ಸೂಚನೆ ಬಂದಿದೆ, ಇಂಥ ಕಾರಣಕ್ಕೆ ಇಷ್ಟು ದಿನ ಬೇಕು’ ಎಂದು ಅದೇ ಸಂಜೆ ನಾಲ್ಕು ಸಾಲಿನಲ್ಲಿ ದೃಢಪಡಿಸಿ ಕಳಿಸಬೇಕು. ಜಗಳದ ಧಾಟಿ ಬೇಡ, ವಿಶೇಷಣ ಬೇಡ, ಸಂಖ್ಯೆ ಮತ್ತು ದಿನಾಂಕ ಸಾಕು. ಕಂಪನಿ ಕಮಾಂಡರ್‌ಗಳಿಗೆ ಮೊದಮೊದಲು ಇದು ಕಿರಿಕಿರಿ ಎನಿಸಿತು. ಮೇಲಿನವರಿಗೆ ಎನಿಸಲಿಲ್ಲ, ಕೆಲಸ ಯಾಕೆ ತಡ ಎಂದು ಅವರಿಗೂ ಯಾರಿಗಾದರೂ ಉತ್ತರ ಹೇಳಬೇಕಿರುತ್ತದೆ, ಆ ನಾಲ್ಕು ಸಾಲು ಅವರ ಕೆಲಸಕ್ಕೂ ಬರುತ್ತಿತ್ತು.

ಲೆಕ್ಕದಲ್ಲಿ ಬಿಟ್ಟುಹೋಗಬಾರದ ಇನ್ನೊಂದು ಸಂಗತಿ ಹೆಂಡತಿಯ ಉದ್ಯೋಗ. ಮಾವನ ಆರೈಕೆಗೆಂದು ಶಾಲೆಯ ಕೆಲಸ ಬಿಟ್ಟರು, ಆಮೇಲೆ ಅದೇ ಸಂಬಳಕ್ಕೆ ಬೇರೆ ಕಡೆ ಸೇರಲಾಗಲಿಲ್ಲ. ಬ್ರಿಗೇಡಿಯರ್ ಹುದ್ದೆಯ ವೆಚ್ಚದಲ್ಲಿ ಅವರ ಪಾಲು ದೊಡ್ಡದು. ಅಧಿಕಾರಿ ಇದನ್ನು ಯಾರು ಕೇಳಿದರೂ ಮೊದಲೇ ಹೇಳುತ್ತಾರೆ.

ಮೇಜರ್ ಜನರಲ್ ಮಂಡಳಿಯಲ್ಲಿ ಅವರು ಆಯ್ಕೆಯಾಗಲಿಲ್ಲ, ಮರುಪರಿಶೀಲನೆಗಳಲ್ಲೂ ಆಗಲಿಲ್ಲ. ಇಂಜಿನಿಯರ್ ದಳದವರಿಗೆ ಮೇಲಿನ ಬಾಗಿಲು ಮುಚ್ಚಿದೆ ಎಂದು ಇದರ ಅರ್ಥವಲ್ಲ. ಬಾಂಬೆ ಸ್ಯಾಪರ್ಸ್‌ನ ಜನರಲ್ ಮನೋಜ್ ಪಾಂಡೆ 2022ರಲ್ಲಿ ಸೇನಾ ಮುಖ್ಯಸ್ಥರಾದರು, ಆ ಹುದ್ದೆಗೇರಿದ ಮೊದಲ ಇಂಜಿನಿಯರ್ ಅಧಿಕಾರಿ ಅವರು. ಆದರೆ ಅವರ ದಾರಿಯಲ್ಲಿ ಇಂಜಿನಿಯರ್ ರೆಜಿಮೆಂಟಿನ ಜೊತೆಗೆ ನಿಯಂತ್ರಣ ರೇಖೆಯ ಕಾಲಾಳು ಬ್ರಿಗೇಡ್, ಲಡಾಖ್‌ನ ಪರ್ವತ ಡಿವಿಷನ್, ಈಶಾನ್ಯದ ಕೋರ್ ಇದ್ದವು. ನಮ್ಮ ಅಧಿಕಾರಿಯ ದಾಖಲೆ ಸೇತುವೆ, ರಸ್ತೆ, ಮೈನ್‌ಗಳದ್ದು. ಸ್ಟಾಫ್ ಕಾಲೇಜ್ ಇಲ್ಲ.

ಈ ಸಲ ದೂರು ಕೊಡಿ ಎಂದು ಹಲವರು ಒತ್ತಾಯಿಸಿದರು. ಅಧಿಕಾರಿ ಹತ್ತು ವರ್ಷದ ವರದಿಗಳಲ್ಲಿ ತಮಗೆ ತೋರಿಸಿದ ಭಾಗಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಪಟ್ಟಿ ಮಾಡಿದರು. ಹೊಂದಾಣಿಕೆ ತಪ್ಪಿದ ಒಂದು ಅವಧಿಯೂ ಸಿಗಲಿಲ್ಲ, ಬೆರಳಿಟ್ಟು ತೋರಿಸುವಂಥ ಒಂದು ಘಟನೆಯೂ ಇರಲಿಲ್ಲ. ಆಧಾರವಿಲ್ಲದ ದೂರಿನಿಂದ ಸಿಗುವುದೇನೂ ಇಲ್ಲ ಎಂದು ಬರೆಯದೆ ಬಿಟ್ಟು, ಬ್ರಿಗೇಡಿಯರ್‌ಗಳ ನಿವೃತ್ತಿ ವಯಸ್ಸಾದ 56ಕ್ಕೆ ಸೇವೆ ಮುಗಿಸಿ, ರೈಟರ್ ಕೈಯಿಂದ ಹಾಜರಿ ಪುಸ್ತಕ ತೆಗೆದುಕೊಂಡರು.